ತುಕ್ಕಿಗೆ ಎರಡು ಕಿಲೋ

ಬಾಳೆಲೆಯಿಂದ ಮೊಯಿದು ಬಂದ,
ಪಿಕಪ್ಪಿನಲ್ಲಿ ತಕ್ಕಡಿ ಹಾಕಿಕೊಂಡು.
ಗೋದಾಮಿನ ಹಿಂದೆ, ಚಕ್ಕೋತ ಮರದ ಬುಡದಲ್ಲಿ
ಹದಿನೇಳು ಮಳೆಗಾಲ ಕೂತಲ್ಲೇ ಕೂತಿದ್ದ ಪಲ್ಪರು
ಅರ್ಧ ಮಣ್ಣಿಗೆ ಇಳಿದಿತ್ತು.
ಕಬ್ಬಿಣವೋ ಮರವೋ ಮೆಣಸಿನ ಬಳ್ಳಿಗೇನು ಗೊತ್ತು,
ಹತ್ತಿತ್ತು. ಮೂರು ತೆನೆ ಬಿಟ್ಟೂ ಇತ್ತು.

ತಾಮ್ರದ ತಗಡು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದಾರೆ,
ಮೈತುಂಬ ಗುಳ್ಳೆ ಎದ್ದಂತಿದ್ದ ತಗಡು,
ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದುದು ಅದೇ.
ಈಗ ಬಾಯೊಳಗೆ ಕಣಜ ಕಟ್ಟಿದ ಮಣ್ಣಿನ ಮನೆ.

ಮೊಯಿದು ಬಳ್ಳಿ ಕೊಯ್ಯಲಿಲ್ಲ, ಬಿಡಿಸಿದ,
ಒಂದೊಂದೇ ಬೇರು,
ಜಡೆ ಹಿಡಿದ ಕೂಸಿನ ಬೆರಳು ಬಿಡಿಸುವ ಹಾಗೆ.
ಆಮೇಲೆ ಚಕ್ರಕ್ಕೆ ಒದ್ದ.
ಅರ್ಧ ಸುತ್ತು ಸುತ್ತಿ, ಕೆಮ್ಮಿ, ನಿಂತಿತು.

"ಐವತ್ತೆಂಟು" ಅಂದ.
"ತುಕ್ಕಿಗೆ ಎರಡು ಕಳೀಬೇಕು ಸಾರ್."

ನಾನು ಈ ತೋಟದ ರೈಟರು.
ಮೂವತ್ತು ವರ್ಷ ಕಳೆದವನೇ ನಾನು:
ತಡವಾಗಿ ಬಂದರೆ ಕಾಲು, ಮಳೆಗೆ ಓಡಿದರೆ ಅರ್ಧ,
ಬುಟ್ಟಿಯ ತೂಕ, ಎಲೆಯ ತೂಕ, ಮಂಜಿನ ತೂಕ,
ಹಣ್ಣಿನ ನಡುವೆ ಹಸಿರು ಕಂಡರೆ ಅದೂ.
ಚೌಕಾಸಿಗೆ ಬಾಯಿ ಬರಲಿಲ್ಲ.

ಹಿಡಿಯ ಮರವನ್ನು ಮಾತ್ರ ಕಳಚಿ ಕೈಗಿತ್ತ,
"ಇದಕ್ಕೆ ರೇಟಿಲ್ಲ."
ಗೇಣೂ ಇಲ್ಲದ ತುಂಡು. ನಡು ಸವೆದಿದೆ.
ಹೆಬ್ಬೆರಳು ಊರುವಲ್ಲಿ ಒಂದು ತಗ್ಗು,
ನನ್ನ ಹೆಬ್ಬೆರಳು ಅದರಲ್ಲಿ ಕೂರಲಿಲ್ಲ.
ಎಡಗೈಯದು ಇರಬೇಕು ಅಂದುಕೊಂಡೆ.
ಕೆಂಬಿ ಎಡಚಿ, ಚೆನ್ನಾಗಿ ನೆನಪಿದೆ,
ಡಿಸೆಂಬರಿನ ಇರುಳು, ಪೆಟ್ರೋಮ್ಯಾಕ್ಸಿನ ಸುಯ್ ಸದ್ದು,
ಮೊಣಕೈವರೆಗೆ ಅಂಟು ಮೆತ್ತಿಕೊಂಡು
ತಿರುಗಿಸುತ್ತಲೇ ಇರುತ್ತಿದ್ದಳು.

ಸಂಜೆ ಲೈನ್‌ಮನೆಗೆ ಒಯ್ದೆ.
ಯಾಕೆಂದು ಕೇಳಬೇಡಿ.
ಐವತ್ತಾರು ಕಿಲೋದ ದುಡ್ಡು
ಸಾಹುಕಾರರ ಲೆಕ್ಕಕ್ಕೆ ಆಗಲೇ ಬರೆದಾಗಿತ್ತು.

ಕೆಂಬಿ ಹಿಡಿಯನ್ನು ಹಿಂದೆ ಮುಂದೆ ಮಾಡಿ ನೋಡಿದಳು.
ಮೂಸಿದಳು.
"ನಾನಲ್ಲ ರೈಟ್ರೇ. ನಾನು ನೀರು ಹುಯ್ಯೋಳು.
ತಿರುಗಿಸ್ತಿದ್ದದ್ದು ಚುಬ್ರ."

ಚುಬ್ರ?
ಹಾಜರಿ ಪುಸ್ತಕದ ಒಂದೊಂದು ಹಾಳೆಯನ್ನೂ
ತಲೆಯೊಳಗೆ ಮಗುಚಿದೆ. ಆ ಹೆಸರಿಲ್ಲ.

"ಎಲ್ಲಿಂದ ಇರ್ತದೆ? ಅವನಿಗೆ ಹತ್ತು ವರ್ಷ.
ಅವನದ್ದೂ ನನ್ನ ಹೆಸರಿಗೇ ಬರೀತಿದ್ರಿ,
ಅರ್ಧ."

ಸಿಟ್ಟಿನಿಂದ ಹೇಳಲಿಲ್ಲ.
ಒಲೆಯ ಮೇಲೆ ನೀರು ಕುದಿಯುತ್ತಿದೆ ಅನ್ನುವ ಹಾಗೆ ಹೇಳಿದಳು.
ಅವನೀಗ ಎಲ್ಲಿ ಎಂದು ಕೇಳಲು ನನಗೆ
ಮೂವತ್ತು ವರ್ಷ ಇತ್ತು.

ಹಿಡಿಯನ್ನು ಒಲೆಗೆ ಹಾಕಲಿಲ್ಲ ಅವಳು.
ಬಾಗಿಲ ಹಿಂದಿನ ಕೊಂಡಿಗೆ ಸಿಕ್ಕಿಸಿ ನೋಡಿದಳು.
ಸರಿಯಾಗಿ ಕೂತಿತು.

"ಹೊರಡಿ, ಆನೆ ಇಳಿಯೋ ಹೊತ್ತು" ಅಂದಳು.
ಅಂಗಳ ದಾಟುವ ಮೊದಲೇ
ಮರ ಕಬ್ಬಿಣಕ್ಕೆ ತಾಗಿದ ಸದ್ದು,
ಒಳಗಿನಿಂದ.