ಅರ್ಧ ಮಾತ್ರೆ ಮೊದಲು

ಹಳೆಯ ಗ್ರಾಮಫೋನ್ ತಟ್ಟೆಗಳಿಗೆ ಬೆಲೆ ಕಟ್ಟುವವನು ನಾನು.
ಕ್ಯಾನ್ಸಸ್ ಸಿಟಿಯಲ್ಲಿ ಯಾರಾದರೂ ಸತ್ತ ಎರಡನೆಯ ವಾರ
ನನ್ನ ಫೋನು ಹೊಡೆದುಕೊಳ್ಳುತ್ತದೆ.
ಅಂಚು ಸವೆದಿದ್ದರೆ ಒಂದು ಡಾಲರು,
ಗೀರಿದ್ದರೆ ಅದರರ್ಧ,
ಹೊದಿಕೆಯ ಮೇಲೆ ಕಾಫಿ ಲೋಟದ ಉಂಗುರವಿದ್ದರೆ
ತಲೆಯಾಡಿಸಿ ಪಕ್ಕಕ್ಕಿಡುತ್ತೇನೆ.

ವರ್ಲೀನ್ ಟಿಬ್ಸ್ ಫೋನು ಮಾಡಲಿಲ್ಲ, ತಾನೇ ಬಂದಳು.
ಎಪ್ಪತ್ತು ದಾಟಿದ ಹೆಂಗಸು, ಬಸ್ಸಿನಲ್ಲಿ,
ಹಾಲಿನ ಎರಡು ಕ್ರೇಟುಗಳನ್ನು ಕೈಗಾಡಿಗೆ ಬಿಗಿದು.
ಮಾರ್ಚಿಯ ಕೆಸರು ಹಿಮ ಚಕ್ರಕ್ಕೆ ಮೆತ್ತಿಕೊಂಡಿತ್ತು.
"ಮಾರುತ್ತೇನೆ. ಆದರೆ ಮೊದಲು ಕೇಳಬೇಕು.
ನನ್ನ ಮನೆಯ ಯಂತ್ರ ಕೆಟ್ಟು ಹದಿನೆಂಟು ವರ್ಷ."

ಅಂಗಡಿಯಲ್ಲಿ ನಾವಿಬ್ಬರೇ. ಹೀಟರು ಗೊರಕೆ ಹೊಡೆಯುತ್ತಿತ್ತು.

ಮೊದಲು ಕೈಗೆ ಸಿಕ್ಕಿದ್ದು ಗಿಟಾರು.
ಯಾರೋ ಒಬ್ಬ ತನ್ನ ಅಡುಗೆಮನೆಯಲ್ಲಿ ಕೂತು ನುಡಿಸಿದ್ದು,
ಹೆಸರಿನ ಜಾಗದಲ್ಲಿ ಪೆನ್ಸಿಲಿನ ಎರಡು ಅಕ್ಷರ.
ತಂತಿಗಿಂತ ಹೆಚ್ಚು ಕೇಳಿಸಿದ್ದು ಕುರ್ಚಿ.
ಬೆರಳು ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವಾಗಿನ
ಆ ಸಣ್ಣ ಕಿರ್ರು ಸದ್ದು,
ಸ್ವರಕ್ಕೂ ಸ್ವರಕ್ಕೂ ನಡುವೆ ಯಾರೋ ನಡೆದಾಡಿದ ಹಾಗೆ.
ವರ್ಲೀನ್ ಕಣ್ಣು ಮುಚ್ಚಲಿಲ್ಲ. ಕೈಗವಸು ತೆಗೆದಳು, ಅಷ್ಟೆ.

ಆಮೇಲೆ ಒಬ್ಬ ಹಾಡುಗಾತಿ.
ತಾಳ ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದರೂ
ಗಡಿಬಿಡಿಯಿಲ್ಲದೆ ಒಳಗೆ ಬರುವವಳು,
ಊಟಕ್ಕೆ ತಡವಾಗಿ ಬಂದೂ
ಯಾರ ಕ್ಷಮೆಯನ್ನೂ ಕೇಳದ ದೊಡ್ಡಮ್ಮನ ಹಾಗೆ.
ಮೂರನೆಯ ಚರಣದಲ್ಲಿ ಮಾತು ಮರೆತಳು;
ಹರಿದ ಕಡೆ ಲ-ಲ-ದು-ಬಿ ಎಂದು ಹೊಲಿದಳು.
"ಅಮ್ಮನಿಗೆ ಇವಳೆಂದರೆ ಆಗದು," ವರ್ಲೀನ್ ನಕ್ಕಳು,
"ಅಪ್ಪ ಒಂದು ಬೇಸಿಗೆ ಪೂರ್ತಿ ಇವಳ ಬಸ್ಸಿನಲ್ಲಿದ್ದ."

ಹಾಗೆ ಒಳಗೆ ಬಂದ ಅಪ್ಪ.
ಲೂಷಿಯಸ್ ಟಿಬ್ಸ್, ಮೂರನೇ ಟ್ರಂಪೆಟ್.
ಮೊದಲನೆಯವನದು ರಾಗ, ಎರಡನೆಯವನದು ಮೆರೆದಾಟ,
ಮೂರನೆಯವನು ಗೋಡೆಯೊಳಗಿನ ಇಟ್ಟಿಗೆ:
ಇದ್ದಾನೆಂದು ತಿಳಿಯುವುದು ಬಿದ್ದಾಗ.
ಸೂಟು ತನ್ನದೇ, ಇಸ್ತ್ರಿಯೂ ತನ್ನದೇ.
ಹಿಂಬಾಗಿಲಿನಿಂದ ಒಳಗೆ, ಹಿಂಬಾಗಿಲಿನಿಂದ ಹೊರಗೆ.
ನಿದ್ದೆ ಬಸ್ಸಿನಲ್ಲೇ, ಆ ಊರುಗಳ ಹೋಟೆಲುಗಳಲ್ಲಿ
ಅವನ ಬಣ್ಣಕ್ಕೆ ಹಾಸಿಗೆ ಇರಲಿಲ್ಲ.

ಕೊನೆಯ ತಟ್ಟೆಯನ್ನು ಕೋಟಿನೊಳಗಿಂದ ತೆಗೆದಳು.
ಹದಿನಾರು ಜನ, ಒಂದೇ ಮೈಕು, ಒಂದು ಮಧ್ಯಾಹ್ನ.
ಸೂಜಿ ಇಳಿಸಿದೆ. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ,
ಆಮೇಲೆ ಇಡೀ ಕೋಣೆ ಎದ್ದು ನಿಂತಿತು.
ಸ್ಯಾಕ್ಸೋಫೋನುಗಳು ಒಟ್ಟಿಗೆ ಉಸಿರೆಳೆದುಕೊಂಡವು,
ಟ್ರೊಂಬೋನುಗಳು ನೆಲ ಹಾಸಿದವು,
ಹಾಸಿ ಮುಗಿಯುವ ಮುನ್ನವೇ ಡ್ರಮ್ಮು ಅದರ ಮೇಲೆ ಓಡಿತು.

"ಈಗ," ಅಂದಳು, "ಪಿಯಾನೋ ಮುಗಿದ ಕೂಡಲೆ."
ಪಿಯಾನೋ ಮುಗಿಯಿತು.
ಎಲ್ಲರೂ ನುಗ್ಗುವ ಮುಂಚಿನ ಕೂದಲೆಳೆಯ ಮೌನದಲ್ಲಿ
ಒಂದೇ ಒಂದು ಟ್ರಂಪೆಟ್,
ಅರ್ಧ ಮಾತ್ರೆ ಮೊದಲು,
ಚರ್ಚಿನಲ್ಲಿ ಪ್ರಾರ್ಥನೆ ಮುಗಿಯದೆಯೇ
ಆಮೆನ್ ಅಂದುಬಿಟ್ಟ ಹುಡುಗನ ಹಾಗೆ
ಬೆತ್ತಲೆ ನಿಂತಿತು.
ಮರುಕ್ಷಣ ಹದಿನೈದು ಜನ ಮೇಲೆ ಬಿದ್ದು ಮುಚ್ಚಿಬಿಟ್ಟರು.

ಇನ್ನೊಂದು ಸಲ ಕೊರೆಯಲು ಕಂಪನಿ ದುಡ್ಡು ಬಿಚ್ಚಲಿಲ್ಲವಂತೆ.
ನಾಯಕ ಅವನ ಕೂಲಿಯಲ್ಲಿ ಎರಡು ಡಾಲರು ಹಿಡಿದನಂತೆ.
ಆ ತಟ್ಟೆಯನ್ನು ಮನೆಯಲ್ಲಿ ಯಾರೂ ಹಾಕಕೂಡದು.
ಎಸೆಯಲೂ ಇಲ್ಲ.
"ಒಂಬತ್ತು ವರ್ಷದವಳಿದ್ದಾಗ ಕದ್ದು ಹಾಕಿದ್ದೆ.
ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ, ಟೋಪಿ ಕೈಯಲ್ಲಿ.
ಬೈಯಲಿಲ್ಲ. ಪೂರ್ತಿ ಕೇಳಿ, ಟೋಪಿ ಹಾಕಿಕೊಂಡು
ಮತ್ತೆ ಹೊರಗೆ ಹೋದ."

"ಇನ್ನೊಮ್ಮೆ," ಅಂದಳು. ಹಾಕಿದೆ.
ಐದು ಸಲ, ಆರು ಸಲ.
ಏಳನೆಯದಕ್ಕೆ ಅವಳ ಬೆರಳು ಮೇಜಿನ ಮೇಲೆ
ಅವನೊಂದಿಗೇ ಬಿತ್ತು.

ಉಳಿದವಕ್ಕೆಲ್ಲ ಅರವತ್ತೆರಡು ಡಾಲರು ಎಣಿಸಿದೆ.
ಚೌಕಾಸಿ ಮಾಡಿ ಅರವತ್ತೈದು ಮಾಡಿಕೊಂಡಳು.
ಆ ಒಂದನ್ನು ಕೋಟಿನೊಳಗೆ ಸೇರಿಸಿ, ಗುಂಡಿ ಹಾಕಿ,
ಖಾಲಿ ಗಾಡಿ ಎಳೆದುಕೊಂಡು ಹೊರಟಳು.

ಹಾಡುಗಾತಿ ಮರುದಿನವೇ ಮಾರಿಹೋದಳು.
ಗಿಟಾರು ಇನ್ನೂ ನನ್ನ ಮೇಜಿನ ಮೇಲಿದೆ,
ಚೀಟಿ ಅಂಟಿಸಿದ್ದೇನೆ, ಬೆಲೆ ಬರೆದಿಲ್ಲ,
ಕುರ್ಚಿಗೆಷ್ಟು ಹಿಡಿಯಬೇಕೆಂದು ತಿಳಿಯದೆ.