ಹದಿನಾರು ಎಂಬಿಯೊಳಗೆ

ಶಿವಮೊಗ್ಗ, ದುರ್ಗಿಗುಡಿ. ಕನ್ನಡಕದಂಗಡಿಯ ಮೇಲಿನ ಮಹಡಿ.
ಒಂದು ಫ್ಯಾನು, ಎರಡು ಮಾನಿಟರು,
ಹೇಳದೆ ಹೋಗುವ ಕರೆಂಟಿಗೆ ಒಂದು ಯುಪಿಎಸ್ಸು.
ಸಾಗರದ ಮದುವೆ, ನಾಲ್ಕು ಗಂಟೆಯ ಶೂಟಿಂಗು;
ಕುಸುಮಾಗೆ ಬೇಕಾದ್ದು ಒಂದು ನಿಮಿಷ ಹತ್ತು ಸೆಕೆಂಡು.
ಟೀಕಮ್ಮ ಚಿಕ್ಕಮ್ಮ ಹರಸುವ ತುಣುಕು.
'ಇವರ ಫೋನಿಗೆ ಹೋಗಬೇಕು. ನೋಡಿ ನೋಡಿ ಕಲೀಲಿ.
ಹದಿನಾರು ಎಂಬಿ ಮೀರಬಾರದು.'

ಟೀಕಮ್ಮನಿಗೆ ಕಿವಿ ಕೇಳದು.
ಮಾತೂ ಇಲ್ಲ ಅನ್ನುತ್ತಾರೆ,
ನೋಡಲು ಬಾರದವರು.

ಕುಗ್ಗಿಸಿದೆ, ಆಡಿಸಿದೆ.
ಗಟ್ಟಿಮೇಳದವರೆಗೆ ಎಲ್ಲ ಸರಿ.
ಇನ್ನೂರು ಕೈಗಳಿಂದ ಅಕ್ಷತೆ ಹಾರಿತು ನೋಡಿ,
ಚಿತ್ರ ಕುಸಿಯಿತು.
ಬಾಸಿಂಗದ ಮೇಲೆ ಚೌಕ, ಚೌಕದ ಮೇಲೆ ಚೌಕ,
ಪುರೋಹಿತರ ಬೆನ್ನಿಗೆ ಹೆಂಚು ಹೊದಿಸಿದ ಹಾಗೆ.
ಅಕ್ಕಿ ನೆಲ ಮುಟ್ಟುವ ಮೊದಲೇ
ಟೀಕಮ್ಮ ಕೈ ಎತ್ತಿದ್ದಾಳೆ.
ಬೆರಳೆಲ್ಲ ಕಲಸಿದ ಹಿಟ್ಟು.

ಯಂತ್ರ ಜಿಪುಣ, ಗುಟ್ಟು ಇಷ್ಟೇ.
ನಿಂತದ್ದನ್ನು ಮತ್ತೆ ಬರೆಯದು;
'ಹಿಂದಿನಂತೆಯೇ' ಎಂದು ಗೀಚಿ ಮುಂದೆ ನಡೆಯುತ್ತದೆ.
ಅಲುಗಿದ್ದಕ್ಕೆ ಮಾತ್ರ ಖರ್ಚು.
ಒಂದೊಂದು ಕಾಳೂ ಒಂದೊಂದು ದಾರಿ ಹಿಡಿದರೆ
ಚೀಲ ಬರಿದು. ಬೆರಳಿಗೆ ಸಿಕ್ಕಿದ್ದು ಚಿಲ್ಲರೆ.

ಕೀಫ್ರೇಮುಗಳನ್ನು ಒತ್ತೊತ್ತಾಗಿ ಇಟ್ಟೆ:
ಸೆಕೆಂಡಿಗೊಮ್ಮೆ ಇಡೀ ಮಂಟಪ ಬೆಚ್ಚಿಬಿತ್ತು.
ಎರಡು ಸುತ್ತು ಓಡಿಸಿದೆ:
ಹಿಂದಿನ ಗುಲಾಬಿ ಪರದೆ ಮೆಟ್ಟಿಲು ಮೆಟ್ಟಿಲಾಯಿತು.
ಸೈಜು ಅರ್ಧಕ್ಕಿಳಿಸಿದೆ:
ಚೌಕ ಹೋಯಿತು, ಉಗುರೂ ಹೋಯಿತು.
ರಾತ್ರಿ ಹನ್ನೊಂದಕ್ಕೆ ಕೆಳಗಿಳಿದು ಚಾ ಹುಡುಕಿದೆ.
ಸಿಗಲಿಲ್ಲ.

ಮೂರನೆಯ ದಿನ ಟೀಕಮ್ಮನೇ ಬಂದಳು,
ಬೆಳಗಿನ ಬಸ್ಸಿಗೆ, ಕುಸುಮಾಳ ಜೊತೆ.
ಕುರ್ಚಿ ಕೊಟ್ಟರೆ ಕೂರಲಿಲ್ಲ. ನನ್ನ ಬೆನ್ನ ಹಿಂದೆ ನಿಂತು
ನೋಡುತ್ತ ನೋಡುತ್ತ ಮೇಜಿಗೆ ಗುದ್ದಿದಳು.
ನಿಲ್ಲಿಸಿದೆ.
ಹನ್ನೆರಡು ವರ್ಷದಿಂದ ಇದೇ ಕೆಲಸ ನನ್ನದು;
ಆ ಫ್ರೇಮನ್ನು ನಾನು ಹಿಡಿದಿರಲಿಲ್ಲ.

ನನ್ನತ್ತ ತಿರುಗಿ ಮಾಡಿ ತೋರಿಸಿದಳು:
ಎಡಗಿವಿಯ ಹಾಲೆ ಹಿಡಿದು ಎರಡು ಸಲ ಎಳೆದಳು.
ಹಾಲೆ ಹರಿದು ಎರಡಾಗಿದೆ.
'ಅದು ನನ್ನ ಹೆಸರು' ಅಂದಳು ಕುಸುಮಾ.
'ಹತ್ತು ತಿಂಗಳಲ್ಲಿ ಚಿಕ್ಕಮ್ಮನ ಓಲೆ ಕಿತ್ತಿದ್ದೆನಂತೆ.
ಅವತ್ತಿಂದ ಹೀಗೇ ಕರೆಯೋದು.'
ನನ್ನ ಪರದೆಯಲ್ಲಿ
ಕಿವಿ, ಬೆರಳು, ಕೆನ್ನೆಯ ಕೂದಲು ಕೂಡಿ
ಒಂದೇ ಗೋಧಿಬಣ್ಣದ ಬಿಲ್ಲೆ.
'ಇದರಲ್ಲಿ ಯಾರನ್ನೋ ಹರಸ್ತಿದಾಳೆ ಸಾರ್. ನನ್ನನ್ನಲ್ಲ.'

ಹದಿನಾರಂತೂ ಹದಿನೇಳಾಗದು.
ಒಬ್ಬರದು ಕಿತ್ತೇ ಇನ್ನೊಬ್ಬರಿಗೆ ಕೊಡಬೇಕು.
ಹಿಂದೆ ಮಿಣುಕುವ ಸೀರಿಯಲ್ ಸೆಟ್ಟು: ಮಸುಕು ಮಾಡಿದೆ.
ಜರತಾರಿ, ಹೂಕುಂಡ, ಬಲಗಡೆಯ ಬೀಗರ ಸಾಲು: ಮಸುಕು.
ಅಕ್ಕಿಯನ್ನೂ ಒಂದಿಷ್ಟು ಉಜ್ಜಿದೆ,
ಕಾಳು ಹೋಗಿ ಬರೀ ಬಿಳುಪು ಇಳಿಯಿತು.
ಉಳಿಸಿದ ಕಾಸೆಲ್ಲ ಹತ್ತು ಬೆರಳಿಗೆ,
ಒಂದು ಹರಿದ ಕಿವಿಗೆ.

ಹದಿನೈದು ಪಾಯಿಂಟ್ ಎಂಟು. ಆಡಿಸಿದೆ.
ಎಳೆದಳು, ಎಳೆದಳು. ಹೆಸರು ಬಂತು.
ಆಮೇಲೇನೋ ನೀಳವಾದ ಮಾತು, ನನಗೆ ತಿಳಿಯದ್ದು.
ನಡುವೆ ಒಮ್ಮೆ
ಅವಳ ಅಂಗೈ ಗಾಳಿಯಲ್ಲಿ ಸುಮ್ಮನೆ ನಿಂತಿತು,
ಮೂರು ಸೆಕೆಂಡು.
ಅಲ್ಲಿ ಯಂತ್ರ ಒಂದು ಕಾಸೂ ಬಿಚ್ಚಿರಲಿಲ್ಲ.
ಕುಸುಮಾ ಅತ್ತದ್ದು ಅಲ್ಲಿಯೇ.

ಟೀಕಮ್ಮ ಮಾತ್ರ ಮಾನಿಟರಿನ ಧೂಳನ್ನು
ಸೆರಗಿನ ತುದಿಯಿಂದ ಒರೆಸಿ
ಬಸ್ಸಿನ ಹೊತ್ತಾಯಿತೆಂದು ಮಣಿಕಟ್ಟು ತಟ್ಟಿದಳು.
ಅಷ್ಟು ನನಗೂ ಅರ್ಥವಾಯಿತು.

ವಾರದ ಮೇಲೆ ಹುಡುಗನ ದೊಡ್ಡಪ್ಪ ಕೆರಿಯಪ್ಪನ ಫೋನು:
'ಹಾಲ್ ಬುಕ್ ಮಾಡಿದವನು ನಾನು, ನಿನ್ನ ಬಿಲ್ಲು ಕೊಟ್ಟವನೂ ನಾನೇ.
ಅದೆಂಥದು ಮಾರಾಯ, ನನ್ನ ಮುಖವೇ ಕದಡಿ ಹೋಗಿದೆಯಲ್ಲ?'

ಲೈಟು ಸಾಲಲಿಲ್ಲ ಸಾರ್, ಅಂದೆ.