ಇತರೆ, ನಮೂದಿಸಿ

ಒಂದು ಫಾರಮ್ಮಿಗೆ ಮೂವತ್ತೈದು ರೂಪಾಯಿ.
ಶಿಡ್ಲಘಟ್ಟದ ಈ ವಾರ್ಡಿನಲ್ಲಿ ಬಲಗೈ ಸಾಲು ಹಿಡಿದು
ಮೂರು ಮನೆ ಬಿಟ್ಟು ಒಂದು ಮನೆ,
ಬೀಗವಿದ್ದರೆ ಪಕ್ಕದ್ದು.
ನಗಬಾರದು. ತಲೆಯಾಡಿಸಬಾರದು.
ಉತ್ತರವನ್ನು ಬಾಯಿಗಿಟ್ಟು ಕೊಡಬಾರದು.
ಇಷ್ಟು ತರಬೇತಿಯಲ್ಲಿ ಹೇಳಿದರು.
ಕೊಟ್ಟ ಕಾಫಿ ಕುಡಿಯಬಹುದೋ ಇಲ್ಲವೋ, ಹೇಳಲಿಲ್ಲ.

ಪ್ರಶ್ನೆ ಹನ್ನೊಂದು: ನಿಮ್ಮೂರಿಗೆ ಮೊದಲು ಬೇಕಾದದ್ದು ಯಾವುದು?
ನೀರು, ರಸ್ತೆ, ಆಸ್ಪತ್ರೆ, ಶಾಲೆ, ಕೆಲಸ.
ಇತರೆ, ನಮೂದಿಸಿ.

ಫಿಲೇಚರ್ ಶೆಡ್ಡಿನಲ್ಲಿ, ಹುಳು ಬೆಂದ ವಾಸನೆಯ ನಡುವೆ,
ಕುದಿನೀರಲ್ಲಿ ಗೂಡಿನ ಎಳೆ ಹುಡುಕುತ್ತಲೇ
ಜಬೀನ್‌ತಾಜ್ ಕೇಳಿದರು: "ಊರಿಗಾ, ನನಗಾ?"
ಊರಿಗೆ.
"ಊರಿಗಾದ್ರೆ ನೀರು ಅಂತ ಹಾಕ್ಕೋ.
ನನಗೆ ಅಂದ್ರೆ..." ಕೈ ಎತ್ತಿ ತೋರಿಸಿದರು.
ಹತ್ತು ಬೆರಳ ತುದಿಯಲ್ಲೂ ಗೆರೆ ಸವೆದಿದೆ.
ರೇಷನ್ ಅಂಗಡಿಯ ಯಂತ್ರ ಮೂರು ತಿಂಗಳಿಂದ
ಇವರನ್ನು ಇವರಲ್ಲ ಅನ್ನುತ್ತಿದೆಯಂತೆ.
ನೀರು, ಅಂತ ಒತ್ತಿದೆ.
ಶೆಡ್ಡಿನೊಳಗೆ ಸಿಗ್ನಲ್ ಇರಲಿಲ್ಲ. ಫಾರಮ್ಮು ಹೋಗದೆ ಉಳಿಯಿತು.

ವೆಂಕಟರೋಣಪ್ಪನವರ ಗೇಟಿಗೆ ಎರಡು ಸಿಮೆಂಟಿನ ಸಿಂಹ.
ನಾನು ಓದಿ ಮುಗಿಸುವ ಮೊದಲೇ ಉತ್ತರ.
ಪುಕ್ಕಟೆ ಕೊಡುವುದನ್ನು ನಿಲ್ಲಿಸಬೇಕೆ? ಐದಕ್ಕೆ ಐದು.
ವೃದ್ಧಾಪ್ಯ ವೇತನ ಹೆಚ್ಚಬೇಕೆ? ಅದಕ್ಕೂ ಐದಕ್ಕೆ ಐದು.
ಎರಡೂ ಒಟ್ಟಿಗೆ ಹೇಗೆ ಎಂಬ ಪ್ರಶ್ನೆ
ನನ್ನ ಪಟ್ಟಿಯಲ್ಲಿಲ್ಲ.
ಪಕ್ಕದಲ್ಲಿ ಯಾವ ಜಾತಿಯವರು ಬಂದರೂ ಸರಿಯೆ?
"ಎಲ್ಲಾ ಮನುಷ್ಯರೇ ಅಲ್ವೇನಮ್ಮ" ಎಂದವರು
ಮಹಡಿಗೆ ಕಟ್ಟಿದ 'ಬಾಡಿಗೆಗಿದೆ' ಬೋರ್ಡಿನ ಕೆಳಗೇ ನಿಂತು
ನಿಮ್ಮ ಮನೆದೇವರು ಯಾವುದು ಅಂದರು.
ಹೇಳಿದೆ.
ಕಾಫಿ ಬಂತು, ಪೇಪರ್ ಲೋಟದಲ್ಲಿ.
ಕುಡಿದೆ. ಡಿಕಾಕ್ಷನ್ ಚೆನ್ನಾಗಿತ್ತು.
ಐದಕ್ಕೆ ಐದು ಒತ್ತಿದೆ.

ಪಿಳ್ಳಪ್ಪನಿಗೆ ಎಂಬತ್ತೆರಡು, ಕಿವಿ ಮಂದ, ಪುರುಸೊತ್ತು ಅಪಾರ.
ಕೆರೆಗೆ ಬೆಂಗಳೂರಿನ ಸೋಸಿದ ನೀರು ಬಂದದ್ದು ತೃಪ್ತಿಯೆ?
"ಚೂಸೇದಾನಿಕಿ ಬಾಗುಂದಿ" ಎಂದ.
ನೋಡೋಕೆ ಚೆನ್ನಾಗಿದೆಯಂತೆ.
ಕುಡಿಯೋಕೆ?
"ಅದು ನಿನ್ನ ಕಾಗದದಲ್ಲಿ ಐತಾ?"
ಇರಲಿಲ್ಲ. 'ತೃಪ್ತಿ' ಎಂದಾಯಿತು.
ಮುಗೀತಾ ಅಂತ ಎರಡು ಸಲ ಕೇಳಿದ, ಇನ್ನೂ ಇರಲಿ ಎಂಬಂತೆ.

ಮುನಿರತ್ನಮ್ಮನೇ ಉತ್ತರಿಸಬೇಕು, ಯಂತ್ರ ಆರಿಸಿದ್ದು ಅವಳನ್ನು.
ಬಾಗಿಲಿಗೆ ಒರಗಿ ಗಂಡ ನಿಂತಿದ್ದ.
ಈ ಬೀದಿಯಲ್ಲಿ ಸಾರಾಯಿ ಅಂಗಡಿ ಇರಬೇಕೆ, ಬೇಡವೆ?
ಅವಳು ಅವನ ಚಪ್ಪಲಿ ನೋಡಿದಳು.
"ಗೊತ್ತಿಲ್ಲ."
ನೀರಿನ ಟ್ಯಾಂಕಿನ ಹತ್ತಿರ ಓಡಿಬಂದು ತಡೆದಳು,
ಸೆರಗಿಗೆ ಕೈ ಒರೆಸುತ್ತಾ, ಏದುಸಿರು:
"ಅಕ್ಕಾ, ಗೊತ್ತಿಲ್ಲ ಅಂದ್ನಲ್ಲ, ಅದನ್ನ ಅಳಿಸಿ. ಗೊತ್ತು."
ಅಷ್ಟರಲ್ಲಿ ಫಾರಮ್ಮು ಹೋಗಿಬಿಟ್ಟಿತ್ತು.
ಹೋದದ್ದನ್ನು ತೆರೆಯುವ ಗುಂಡಿ
ನನಗೆ ಕೊಟ್ಟಿಲ್ಲ.
ಅವಳಿಗದು ಅರ್ಥವಾಗಲಿಲ್ಲ, ಅಥವಾ ಆಯಿತು.
ಬರಿಗೈ ಬೀಸಿ ವಾಪಸು ಹೋದಳು.

ರಾತ್ರಿ ಮನೆಯಲ್ಲಿ ಅಮ್ಮ ಮುನಿಸಿಕೊಂಡಿದ್ದಳು:
"ನಮ್ಮನ್ಯಾಕೆ ಕೇಳಲಿಲ್ಲ ನೀನು?"
ನಾವು ನಾಲ್ಕನೇ ಮನೆಯಲ್ಲಮ್ಮ, ಎರಡನೇದು.
"ಎರಡನೇ ಮನೇವ್ರಿಗೆ ಬಾಯಿಲ್ವಾ?"

ಹೋಗದೆ ಉಳಿದ ಒಂದೇ ಫಾರಮ್ಮು ತೆರೆದೆ.
ಮಾಡಬಾರದ್ದು, ಗೊತ್ತಿತ್ತು.
ಹನ್ನೊಂದರಲ್ಲಿ ನೀರು ತೆಗೆದು, ಇತರೆ ಒತ್ತಿ,
ನಮೂದಿಸಿದೆ: ಬೆರಳು.

ಬೆಳಗ್ಗೆ ಸೂಪರ್‌ವೈಸರ್ ಫೋನು:
"ಏನ್ರೀ ಇದು, ಬೆರಳು? ಇದಕ್ಕೆ ಕೋಡೇ ಇಲ್ಲ.
ನೀರಿಗೇ ಸೇರಿಸಿಬಿಡ್ಲಾ?"
ಸೇರಿಸಿ ಸಾರ್, ಅಂದೆ.
ಅಳಿಸಿದ್ದು ಅದೇ.